ಹುಮನಾಬಾದಿಗೆ ಹೋದ ಚಾಚಿ

ಮೊನ್ನೆ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಯಾರೋ ಪಕ್ಕದಲ್ಲೇ ಹಾದುಹೋದರು. ಮೊಗ್ರಾ ಮಲ್ಲಿಗೆಯ ಅತ್ತರಿನ ವಾಸನೆ. ನನ್ನ ಬಸ್ಸು ಬಂದರೂ ಏಳಲಾಗಲಿಲ್ಲ... ನಮ್ಮ ಅತ್ತರಿನ ಚಾಚಾ ನೆನಪಾದರು.

ಬಸವಕಲ್ಯಾಣದ ಪೇಟೆಯಲ್ಲಿ ನನ್ನ ಬಳೆ ಅಂಗಡಿಗೂ ಅವರ ಅತ್ತರಿನ ಅಂಗಡಿಗೂ ನಡುವೆ ಒಂದೇ ಗೋಡೆ. ಕೊಳ್ಳಲಿ ಬಿಡಲಿ, ಬಂದವರ ಕಿವಿಯಲ್ಲಿ ಅತ್ತರಿನ ಹತ್ತಿ ಸಿಕ್ಕಿಸದೆ ಅವರು ಕಳಿಸುತ್ತಿರಲಿಲ್ಲ. ವ್ಯಾಪಾರ ತಿಳಿಯದ ಮನುಷ್ಯ ಎಂದು ಅವರ ಹೆಂಡತಿ ಚಾಚಿ ಬೈಯುತ್ತಿದ್ದರು. ಬೈಯುವವರೇ ಮೊದಲು ತೀರಿಕೊಂಡರು. ಅವರಿಗೆ ಹೊದಿಸಿದ ಕಫನ್ ಬಟ್ಟೆಗೆ ಚಾಚಾ ಕೈಯಾರೆ ಮೊಗ್ರಾ ಹಚ್ಚಿದ್ದರು.

ಆಮೇಲೆ ಚಾಚಾಗೆ ಮರೆವು ಶುರುವಾಯಿತು. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಸಣ್ಣಗಾಗಿವೆ ಎಂದರು ಡಾಕ್ಟರು. ಮೊದಲು ಮರೆತದ್ದು ಚಾಚಿಯ ಸಾವನ್ನು. "ಆಕಿ ಎಲ್ಲಿ?" ಎಂದಾಗಲೆಲ್ಲ ಮಗಳು, "ಅಮ್ಮಿ ಹುಮನಾಬಾದಿಗಿ ತವರಮನಿಗಿ ಹೋಗ್ಯಾಳ, ಬರ್ತಾಳ ಅಬ್ಬಾ" ಎನ್ನುತ್ತಿದ್ದಳು. ಚಾಚಾ ಮೊಗ್ರಾ ಸೀಸೆಯೊಂದನ್ನು ಚಾಚಿಗೆಂದು ಎತ್ತಿಟ್ಟು ನಗುನಗುತ್ತ ಕಾಯುತ್ತಿದ್ದರು.

ಚಾಚಾ ಮಗಳ ಹೆಸರನ್ನೂ ಮರೆತಾಗ ಅವಳಿಗೆ ತಡೆಯಲಾಗಲಿಲ್ಲ. ಹೈದರಾಬಾದಿಗೆ ಕರೆದೊಯ್ದಳು. ತೊಡೆಯ ರಕ್ತನಾಳದಿಂದ ಮಿದುಳಿನವರೆಗೆ ತೆಳ್ಳನೆಯ ತಂತಿ ಸೇರಿಸಿ, ಕಿರಿದಾದ ನಾಳವನ್ನು ಲೇಸರ್ ಬೆಳಕಿನಿಂದ ಬಿಡಿಸುವ ಹೊಸ ಚಿಕಿತ್ಸೆ. ಖಾತ್ರಿ ಇಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ಒಂದು ಬದಿ ಈಗ, ಇನ್ನೊಂದು ಬದಿ ಆಮೇಲೆ.

ಕೆಲವು ವಾರಗಳ ನಂತರ ಚಾಚಾ ಮಗಳನ್ನು ಹೆಸರು ಹಿಡಿದು ಕರೆದರು. ಓಣಿಗೆಲ್ಲ ಸಿಹಿ ಹಂಚಿದೆವು. ಮತ್ತೆ ಅಂಗಡಿಗೆ ಬಂದ ಚಾಚಾ ಎತ್ತಿಟ್ಟ ಸೀಸೆಯ ಮುಚ್ಚಳ ತೆಗೆದು ಮೂಸಿದರು. ಮುಖ ಕಪ್ಪಿಟ್ಟಿತು. ನನ್ನ ಕಡೆ ತಿರುಗಿದರು.

"ಬೇಟಿ, ಇದು ನಾ ಆಕಿ ಕಫನ್‌ಗಿ ಹಚ್ಚಿದ್ದಲ್ಲೇನು?"

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ, ಹೌದೆಂದೆ. ಚಾಚಿ ಆಗಷ್ಟೇ ತೀರಿಕೊಂಡಂತೆ ಚಾಚಾ ಅತ್ತರು. ಆ ಅಳು ಎಷ್ಟೋ ದಿನ ಗೋಡೆಯಾಚೆ ಕೇಳುತ್ತಲೇ ಇತ್ತು...

ಇನ್ನೊಂದು ಬದಿಯ ಚಿಕಿತ್ಸೆಗೆ ಅವರು ಒಪ್ಪಲಿಲ್ಲ.

"ನನಗ ಮತ್ತ ಮರತ ಬಿಡ್ತೀರಿ ಅಬ್ಬಾ," ಎಂದು ಮಗಳು ಕಾಲು ಹಿಡಿದಳು.

"ಮರೀಲಿ ಬಿಡು. ಆಕಿ ಹುಮನಾಬಾದ್‌ನ್ಯಾಗೇ ಇರಲಿ."

ಬದುಕಿರುವ ಮಗಳಿಗೆ ಇದೆಂಥ ಮಾತು ಎಂದು ನನಗೆ ಸಿಟ್ಟು ಬಂದಿತ್ತು. ಅದು ಈಗಲೂ ಪೂರ್ತಿ ಇಳಿದಿಲ್ಲ.

ಮರೆವು ಮರಳಿ ಬಂತು, ಆದರೆ ಅವರು ಕೇಳಿದ್ದನ್ನು ಕೊಡಲಿಲ್ಲ. ಮಗಳನ್ನು ಮರೆತರು, ನನ್ನನ್ನು ಮರೆತರು, ಅತ್ತರುಗಳ ಹೆಸರು ಮರೆತರು. ಚಾಚಿ ಸತ್ತದ್ದು ಮಾತ್ರ ಕೊನೆಯವರೆಗೂ ನೆನಪಿತ್ತು.

ಚಾಚಾ ತೀರಿಕೊಂಡಾಗ ಎತ್ತಿಟ್ಟ ಆ ಸೀಸೆಯನ್ನು ಮಗಳು ಅವರ ಕಫನ್‌ಗೆ ಖಾಲಿ ಮಾಡಿದಳು. ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ ನಡೆಯುತ್ತದೆ. ಮೊನ್ನೆ ಮುಂದಿನ ಬಸ್ಸು ಹತ್ತಿ ಕೂತಾಗ ನನ್ನ ಕೈ ಸುಮ್ಮನೆ ಕಿವಿಗೆ ಹೋಯಿತು... ಅಲ್ಲಿ ಹತ್ತಿ ಇರಲಿಲ್ಲ.