ಅಂಗಳಕ್ಕೆ ಫರಸಿ ಹಾಸಿದ್ದು

ನವನಗರದ ನಮ್ಮ ಮನೆಗೆ ಆ ಕುನ್ನಿಯನ್ನು ತಂದವಳು ನನ್ನ ತಮ್ಮನ ಹೆಂಡತಿ. ಜಾತಿ ನಾಯಿಯಂತೆ, ಬೆಣ್ಣೆ ಬಣ್ಣದ್ದು. ಬಂದ ದಿನವೇ ನನ್ನ ಶಾವಂತಿಗೆ ಮಡಿಯನ್ನು ಕೆದರಿ, ಬೇರು ಮೇಲೆ ಮಾಡಿ, ಆ ತಗ್ಗಿನಲ್ಲಿ ಹೊಟ್ಟೆ ಊರಿ ಮಲಗಿತು. "ಅಯ್ಯ, ಎಷ್ಟ ಚಂದ ಮಲಗೇತಿ ನೋಡ್ರಿ ಅಕ್ಕಾರ," ಎಂದು ಅವಳು ಫೋಟೋ ತೆಗೆದಳು. ನನಗೆ ಮೈಯೆಲ್ಲ ಉರಿಯಿತು.

ಆ ಅಂಗಳ ನನ್ನದು. ಮದುವೆಯಾಗದೆ, ಸಾಲಿಯಲ್ಲಿ ಪಾಠ ಹೇಳುತ್ತ, ಅಪ್ಪನ ಮನೆಯಲ್ಲೇ ತಲೆ ನೆರೆಸಿಕೊಂಡವಳು ನಾನು. ಅಪ್ಪ ತೀರಿಕೊಂಡ ಮೇಲೆ ಮನೆಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಸಹಿ ಹಾಕಿದೆ. ಒಡಹುಟ್ಟಿದವನ ಹತ್ತಿರ ಪಾಲು ಕೇಳಿದ ಹೆಣ್ಣುಮಗಳ ಮುಖವನ್ನು ನಮ್ಮ ಬಳಗದಲ್ಲಿ ಆಮೇಲೆ ಯಾರೂ ಸರಿಯಾಗಿ ನೋಡುವುದಿಲ್ಲ. "ಮನಿ ನಂದಾದ್ರೇನಾತು ಅಕ್ಕಾ, ಮುಂದಿನ ಅಂಗಳ ನಿಂದು. ಅದನ್ನ ಯಾರೂ ಮುಟ್ಟೂದಿಲ್ಲ," ಎಂದಿದ್ದ ತಮ್ಮ. ಅಂದಿನಿಂದ ಗೇಟಿನಿಂದ ಮೆಟ್ಟಿಲವರೆಗಿನ ಮಣ್ಣಷ್ಟೇ ಆ ಮನೆಯಲ್ಲಿ ನನ್ನ ಹಕ್ಕು. ಅಲ್ಲಿ ದುಂಡು ಮಲ್ಲಿಗೆ, ಅಬ್ಬಲಿಗೆ, ಬೆಳಗಿನ ಲಿಂಗಪೂಜೆಗೆ ಬೇಕಾದ ಕಣಗಲ, ಗೋಡೆಗುಂಟ ಒಂದು ಸಾಲು ಅರಿಷಿಣ. ಒಳಗೆ ಫ್ರಿಜ್ಜಿನ ಯಾವ ಅರೆಯಲ್ಲಿ ಹಾಲಿಡಬೇಕು ಎಂಬುದಕ್ಕೂ ಅವಳನ್ನು ಕೇಳಬೇಕಿತ್ತು. ಹೊರಗೆ ಯಾರನ್ನೂ ಕೇಳಬೇಕಿರಲಿಲ್ಲ.

ಮೊದಲು ಬೈದೆ. ಬೈದರೆ ಆ ಕುನ್ನಿ ಬಾಲ ಅಲ್ಲಾಡಿಸಿತು. ಮಡಿಯ ಸುತ್ತ ಜಾಲಿ ಮುಳ್ಳು ಹಚ್ಚಿದೆ. ಮುಳ್ಳಿಲ್ಲದ ಕಡೆಯಿಂದ ನುಗ್ಗಿತು. ಯಾರೋ ಹೇಳಿದರೆಂದು ಮೂಗು ಮುಚ್ಚಿಕೊಂಡು ಅದರ ಹೇಲನ್ನೇ ತಗ್ಗಿಗೆ ಹಾಕಿ ಮುಚ್ಚಿದೆ. ಪಕ್ಕದಲ್ಲೇ ಹೊಸ ತಗ್ಗು ತೋಡಿತು. ಕೊನೆಗೆ ಖಾರಪುಡಿಗೆ ಇಳಿದೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕಷ್ಟೇ, ಅದರಲ್ಲಿ ಖಾರವೆಲ್ಲಿ? ಅದಕ್ಕೇ ಗುಂಟೂರಿನದನ್ನೇ ಆರಿಸಿ, ಬಿಸಿಲಿಗೆ ಒಣಗಿಸಿ, ಪುಡಿ ಮಾಡಿ, ತಗ್ಗಿನಲ್ಲಿ ಧಾರಾಳವಾಗಿ ಉದುರಿಸಿದೆ.

ಮೂಗು ತೂರಿಸಿದ್ದೇ ತಡ, ಸೀನು ಶುರುವಾಯಿತು. ಮುಂಗಾಲಿನಿಂದ ಕಣ್ಣು ಉಜ್ಜಿಕೊಂಡು ಖಾರವನ್ನು ಇನ್ನಷ್ಟು ಒಳಗೆ ಸೇರಿಸಿಕೊಂಡು ಅಂಗಳದ ತುಂಬ ಉರುಳಾಡಿತು. ನಾನು ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತ ನೋಡಿದೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು. ಒಳಗಿದ್ದವರ ಕಣ್ಣಿಗೆ ಹಾಕಲಾಗದ ಖಾರ ಅದು. ಆ ಹುಚ್ಚು ಪ್ರಾಣಿ ಕಣ್ಣು ಮುಚ್ಚಿಕೊಂಡೇ ತಡಕಾಡುತ್ತ ಬಂದು ನನ್ನ ಸೆರಗಿಗೇ ಮೂತಿ ಒರೆಸಿತು. ಖಾರ ಹಾಕಿದವಳು ಯಾರೆಂದು ಅದಕ್ಕೇನು ಗೊತ್ತು? ಎದ್ದು ಮುಖ ತೊಳೆಸಿದೆ, ಬೈಯುತ್ತಲೇ.

ತಂದವಳಿಗೆ ಅದು ಫೋಟೋಕ್ಕಷ್ಟೇ ಬೇಕಾಗಿತ್ತು. ಸೂಜಿ ಹಾಕಿಸಲು ಒಯ್ಯುವ ಕೆಲಸ ನನ್ನ ಕೊರಳಿಗೆ ಬಿತ್ತು. ದವಾಖಾನೆಯಲ್ಲಿ ಡಾಕ್ಟರು, "ಬಿಸಲಿಗೆ ತಂಪ ಹುಡುಕತೈತ್ರಿ ಟೀಚರ. ಮ್ಯಾಲೆ ಬ್ಯಾಸರ ಬ್ಯಾರೆ. ಕೆದರಾಕ ಒಂದ ಮೂಲಿ ಬಿಟ್ಟಕೊಡ್ರಿ, ಉಳಿದದ್ದರ ತಂಟಿಗೆ ಬರೂದಿಲ್ಲ," ಎಂದರು. ಬಿಟ್ಟುಕೊಡುವುದರಲ್ಲಿ ನಾನು ಪಳಗಿದವಳೇ. ಕರಿಬೇವಿನ ಗಿಡದ ನೆರಳಿನಲ್ಲಿ ಒಂದು ಮೂಲೆಗೆ ಉಸುಕು ಹಾಕಿಸಿ, ಅದರೊಳಗೆ ರೊಟ್ಟಿಯ ಚೂರು ಹೂತಿಟ್ಟೆ. ಮಡಿಗೆ ಕಾಲಿಟ್ಟರೆ ಎತ್ತಿಕೊಂಡು ಬಂದು ಅಲ್ಲಿ ಬಿಟ್ಟೆ. ಕೆಲವು ವಾರ ಹೀಗೇ ಜಗ್ಗಾಡಿದೆವು. ಆಮೇಲೆ ಅದು ಎದ್ದ ಕೂಡಲೇ ನೆಟ್ಟಗೆ ತನ್ನ ಮೂಲೆಗೆ ಹೋಗತೊಡಗಿತು. ಬೆಳಿಗ್ಗೆ ನಾನು ಇಲ್ಲಿ ಮಣ್ಣು ಸಡಿಲಿಸುತ್ತಿದ್ದರೆ ಅದು ಅಲ್ಲಿ ಉಸುಕು ತೂರುತ್ತಿತ್ತು. ಶಾವಂತಿಗೆ ಮತ್ತೆ ಚಿಗುರಿತು. ಆ ಮನೆಯಲ್ಲಿ ನನ್ನ ಮಾತು ಕೇಳಿದ ಜೀವ ಅದೊಂದೇ.

ಹೀಗಿರುವಾಗ ಒಂದು ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ನೆಲಕ್ಕೆ ಹಾಸುವ ಶಹಾಬಾದ ಫರಸಿ ಕಲ್ಲು ಬಂದು ಗೇಟಿಗೆ ನಿಂತಿತು.

"ನಿಮಗ ತ್ರಾಸ ಆಗಬಾರದಂತ್ರಿ ಅಕ್ಕಾರ," ಎಂದಳು ಅವಳು. ಅವಳ ದನಿ ಎಂದೂ ಏರಿದ್ದಿಲ್ಲ. ಏರಿದ್ದರೆ ನಾನೂ ಜಗಳಾಡುತ್ತಿದ್ದೆ. "ಫರಸಿ ಹಾಸಿಬಿಟ್ರ ಕುನ್ನಿ ಒಂದ ತಗ್ಗೂ ತಗ್ಯೂದಿಲ್ಲ. ನಿಮಗೂ ಬಗ್ಗಿ ಬಗ್ಗಿ ನಡ ನೋವು."

"ಅದು ಕೆದರೂದು ಬಿಟ್ಟೈತಿ," ಎಂದೆ.

"ಮತ್ತ ಶುರು ಮಾಡಿದ್ರ?"

ತಮ್ಮನ ಮುಖ ನೋಡಿದೆ. ಅವನು ಫೋನಿನೊಳಗೆ ಮುಖ ಹಾಕಿದ್ದ. "ಅಂಗಳ ನಂದಂತ ಅಂದಿದ್ದಿ," ಎಂದೆ. "ಈಗ ಯಾರ ಇಲ್ಲಂದ್ರು ಅಕ್ಕಾ? ಫರಸಿ ಹಾಸಿದ್ರೂ ಅದು ನಿಂದ," ಎಂದ, ತಲೆ ಎತ್ತದೆ. ಅವನ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಹೊಡೆಯಲಿಲ್ಲ. ಆಳುಗಳು ಮಲ್ಲಿಗೆ ಗಿಡವನ್ನು ಬುಡಸಮೇತ ಕಿತ್ತು ಟ್ರ್ಯಾಕ್ಟರಿಗೆ ಎಸೆದರು, ಅರಿಷಿಣವನ್ನು ಬಲಿಯುವ ಮೊದಲೇ ಅಗೆದರು. ಉಸುಕನ್ನೂ ಬಿಡಲಿಲ್ಲ, ಸಿಮೆಂಟಿಗೆ ಕಲಸಿದರು. ಸಿಮೆಂಟು ಗಟ್ಟಿಯಾದ ಕೂಡಲೇ ಫರಸಿಯ ಮೇಲೆ ಹೊಸ ಕಾರು ಬಂದು ನಿಂತಿತು. ಕುನ್ನಿ ಬರುವುದಕ್ಕಿಂತ ಮೊದಲೇ ಬುಕ್ ಮಾಡಿದ್ದರಂತೆ; ಪೇಢೆ ಹಂಚುವಾಗ ಪಕ್ಕದ ಮನೆಯವರಿಗೆ ಅವಳೇ ಹೇಳಿದಳು.

ಕುನ್ನಿಗೆ ಇದು ತಿಳಿಯಲಿಲ್ಲ. ಎದ್ದ ಕೂಡಲೇ ತನ್ನ ಮೂಲೆಗೆ ಹೋಗಿ ಫರಸಿಯನ್ನು ಕೆರೆಯುತ್ತಿತ್ತು. ಉಗುರು ಸವೆದು ಕಲ್ಲಿನ ಮೇಲೆ ಸಣ್ಣ ಸಣ್ಣ ಕೆಂಪು ಗೆರೆಗಳು ಮೂಡುತ್ತಿದ್ದವು. ನಾನು ಬಕೆಟ್ಟಿನಲ್ಲಿ ನೀರು ತಂದು ತೊಳೆಯುತ್ತಿದ್ದೆ. ಎತ್ತಿ ಒಳಗೆ ತಂದರೆ ಕೈ ಜಾರಿಸಿಕೊಂಡು ಮತ್ತೆ ಅಲ್ಲಿಗೇ ಓಡುತ್ತಿತ್ತು. ಒಂದು ದಿನ ಫರಸಿ ಬಿಟ್ಟು ಕಾರಿನ ಬಾಗಿಲನ್ನು ಕೆರೆಯಿತು. ಅಂದೇ ಸಂಜೆ ತಮ್ಮ ಅದನ್ನು ಅದೇ ಕಾರಿನಲ್ಲಿ ಹಾಕಿಕೊಂಡು ಹೋಗಿ ಹೆಬ್ಬಳ್ಳಿಯ ಹೊಲದಲ್ಲಿ ಯಾರಿಗೋ ಕೊಟ್ಟು ಬಂದ. ಅದು ಹಿಂದಿನ ಗಾಜಿನಲ್ಲಿ ನಿಂತು ನನ್ನನ್ನೇ ನೋಡುತ್ತಿತ್ತು, ತಿರುಗಾಡಲು ಹೊರಟಿದ್ದೇನೆ ಎಂಬ ಖುಷಿಯಲ್ಲಿ. "ಅಲ್ಲೆ ಹಸರ ಭಾಳ ಐತಿ, ಆರಾಮ ಇರತೈತಿ," ಎಂದಳು ಅವಳು. ನಾನು ಅತ್ತೆ. ಖಾರ ಹಾಕಿದ ಕೈಯಿಂದಲೇ ಕಣ್ಣು ಒರೆಸಿಕೊಂಡೆ.

ದೀಪಾವಳಿ ಮುಗಿದ ಮೇಲೆ ಅವಳು ನನ್ನ ಕೋಣೆಗೆ ಚಹಾ ತಂದಳು. ಎಂದೂ ತಂದವಳಲ್ಲ. ಧಾರವಾಡದಲ್ಲಿ ಪರಿಚಯದವರ ಮನೆಯ ಮಾಳಿಗೆಯಲ್ಲಿ ಒಂದು ಕೋಣೆ ಖಾಲಿಯಿದೆಯೆಂದು ಮಾತು ತೆಗೆದಳು. ನನಗೆ ಪಿಂಚಣಿ ಬರುತ್ತದೆ, ಯಾರ ಹಂಗೂ ಇಲ್ಲ, ಇಲ್ಲಿ ಹೊತ್ತೂ ಹೋಗುವುದಿಲ್ಲ ಎಂದಳು. "ಅಲ್ಲೆ ಹಸರ ಭಾಳ ಐತ್ರಿ ಅಕ್ಕಾರ, ಆರಾಮ ಇರ್ತೀರಿ."

ಹೊರಡುವ ದಿನ ನನ್ನನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದಳು. ತವರಿಂದ ಗಂಡನ ಮನೆಗೆ ಹೋಗುವ ಹೆಣ್ಣಿಗೆ ತುಂಬುವ ಉಡಿ. ಅಲ್ಲಿಯವರೆಗೆ ನನಗೆ ಯಾರೂ ತುಂಬಿರಲಿಲ್ಲ. ಹೊಸ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲ, ಅರಿಷಿಣ ಬೇರು. ಒಂದಕ್ಕೂ ಕಡಿಮೆ ಮಾಡಿರಲಿಲ್ಲ. ಬಳಗದವರು, ಎಂಥ ಸೊಸೆ ಸಿಕ್ಕಳು ಎಂದು ಹೊಗಳಿದರು. ನಾನು ಸೆರಗು ಚಾಚಿ ಹಿಡಿದುಕೊಂಡೆ. ತಮ್ಮ ಕಾರು ತೆಗೆದ.

ಈಗ ಈ ಮಾಳಿಗೆಯ ಕೋಣೆಯಲ್ಲಿದ್ದೇನೆ. ಹಸಿರು ಇರುವುದು ಖರೇ, ಕಿಟಕಿಯ ಆಚೆ, ಬೇರೆಯವರ ಕಂಪೌಂಡಿನಲ್ಲಿ. ಉಡಿಯ ಅಕ್ಕಿ, ಬೆಲ್ಲ ಎಂದೋ ಮುಗಿದವು. ಎಣ್ಣೆಯ ಖಾಲಿ ಡಬ್ಬಿಗೆ ಮಣ್ಣು ತುಂಬಿ ಅರಿಷಿಣ ಬೇರನ್ನು ನೆಟ್ಟಿದ್ದೇನೆ. ಉಡಿಗೆ ಹಾಕುವ ಅರಿಷಿಣ ಕುದಿಸಿ ಒಣಗಿಸಿದ್ದು, ಅದು ಚಿಗುರುವುದಿಲ್ಲ. ಇಷ್ಟು ವರ್ಷ ಅರಿಷಿಣ ಬೆಳೆದವಳಿಗೆ ಅದು ಗೊತ್ತಿಲ್ಲವೆಂದೇನಲ್ಲ. ಆದರೂ ಬೆಳಗಾದರೆ ಎದ್ದು ಹೋಗಿ, ಉಗುರಿನಿಂದ ಆ ಮಣ್ಣನ್ನು ಕೆದರಿ ನೋಡುತ್ತೇನೆ.