ಹಲ್ಲಿಗಾಗಿ ಬಿಟ್ಟ ಎದೆಯ ಗುಳಿಗೆ

ದಡ್ಡತನ ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಹೊಸಪೇಟೆಯ ಒಂದು ಹೃದ್ರೋಗ ಆಸ್ಪತ್ರೆಗೆ ಸ್ಟಾಫ್ ನರ್ಸ್ ಆಗಿ ಸೇರಿದೆ. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಹೋದವರಿಗೆ ಫೋನ್ ಮಾಡಿ ಗುಳಿಗೆ ವಿಚಾರಿಸುವುದು ನನ್ನ ಕೆಲಸ. ನನ್ನ ದನಿಗೆ ಯಾರೂ ಬೆಲೆ ಕೊಡುತ್ತಿರಲಿಲ್ಲ. ಬೆಲೆ ಬರುವಂಥ ದನಿಯೂ ಅಲ್ಲ, ಸೈಕಲ್ ಪಂಪಿನದು. ಹಾಗಾಗಿ ನಮ್ಮ ಡಾಕ್ಟರ ದನಿಯನ್ನೇ ಅನುಕರಿಸಿ, ಫೋನಿನಲ್ಲಿ ಅವರೇ ಮಾತಾಡಿದಂತೆ ನಟಿಸತೊಡಗಿದೆ. ಮೂಗಿನಲ್ಲಿ ಒಂದು "ಹ್ಞೂಂ", ನಡುವೆ ಕೆಮ್ಮು, ಆಮೇಲೆ ಬೈಗುಳ.

ಯಶವಂತನಗರದ ಹನುಮಂತಣ್ಣ, ಗಣಿ ಲಾರಿಗಳ ಮೆಕ್ಯಾನಿಕ್, ಎರಡನೇ ಸಲಕ್ಕೇ ನನ್ನನ್ನು ಹಿಡಿದರು. ಸಿಟ್ಟಾಗಲಿಲ್ಲ. "ಲೇ ತಮ್ಮಾ, ಇನ್ನೊಮ್ಮೆ ಕೆಮ್ಮಲೇ" ಎಂದು ಸ್ಪೀಕರ್ ಹಾಕಿ ಗ್ಯಾರೇಜಿನವರಿಗೆಲ್ಲ ಕೇಳಿಸಿದರು.

ಅವರಿಗೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿ ನಾಲ್ಕು ತಿಂಗಳಾಗಿತ್ತು. ಸ್ಟೆಂಟ್ ಎಂದರೆ ರಕ್ತನಾಳವನ್ನು ತೆರೆದಿಡುವ ಲೋಹದ ಜಾಲರಿ. ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ಎರಡು ಗುಳಿಗೆ ದಿನವೂ ಬೇಕೇ ಬೇಕು. ಅಷ್ಟರಲ್ಲಿ ಅವರ ದವಡೆ ಊದಿತು. ನಾನು ಫೋನ್ ಮಾಡಿದಾಗ, ನಾಳೆ ಸಂಡೂರಿನಲ್ಲಿ ಹಲ್ಲು ಕೀಳಿಸಬೇಕು, ರಕ್ತ ನಿಲ್ಲುವುದಿಲ್ಲವೆಂದು ಯಾರೋ ಹೆದರಿಸಿದ್ದಕ್ಕೆ ಎರಡೂ ಗುಳಿಗೆ ಬಿಟ್ಟಿದ್ದೇನೆ ಎಂದರು. ನಾನು ಗಾಬರಿಯಾಗಿ ಫೋನನ್ನು ನಿಜವಾದ ಡಾಕ್ಟರ ಕೈಗೇ ಕೊಟ್ಟೆ.

"ಹ್ಞೂಂ. ಗುಳಿಗಿ ಬಿಟ್ರ ಸ್ಟೆಂಟ್‌ನಾಗ ರಕ್ತ ಹೆಪ್ಪುಗಟ್ತದ, ಜೀವಕ್ಕ ಅಪಾಯ. ಈಗಲೇ ನುಂಗ್ರಿ" ಎಂದು ಡಾಕ್ಟರು ಕೆಮ್ಮಿದರು.

ಸ್ಪೀಕರಿನಲ್ಲಿ ನಗು. "ಇವತ್ತ ಮಸ್ತ್ ಬಂತಲೇ! ಕೆಮ್ಮು ಒಂಚೂರು ಕಮ್ಮಿ ಮಾಡು."

ಮತ್ತೆ ಫೋನ್ ಮಾಡಿದರೆ ನಗುತ್ತಲೇ ಕಟ್ ಮಾಡಿದರು. ಡಾಕ್ಟರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೋಗು, ನೀನೇ ನುಂಗಿಸಿ ಬಾ" ಎಂದರು. ಸಂಡೂರಿನ ದಂತವೈದ್ಯರ ಜೊತೆ ತಾವೇ ಮಾತಾಡಿದರು: ಗುಳಿಗೆ ನಡೆದಿರಲಿ, ಕಿತ್ತ ಜಾಗಕ್ಕೆ ಹೊಲಿಗೆ ಹಾಕಿ ಗಾಜ್ ಬಟ್ಟೆ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಮರುದಿನ ಹಾಗೇ ಕಿತ್ತರು, ರಕ್ತ ನಿಂತಿತು ಕೂಡ.

ಆದರೆ ಅವತ್ತು ಸಂಜೆ ಯಶವಂತನಗರದಲ್ಲಿ ಅಷ್ಟು ಸುಲಭವಿರಲಿಲ್ಲ. ನಾನು ಹಚ್ಚಿಕೊಟ್ಟ ವಿಡಿಯೋ ಕಾಲ್‌ನಲ್ಲಿ ಡಾಕ್ಟರ ಮುಖ ಕಂಡದ್ದೇ ಹನುಮಂತಣ್ಣ ಎದ್ದು ನಿಂತರು, ಕೈ ಮುಗಿದರು. ಗುಳಿಗೆ ಮಾತ್ರ ಮುಟ್ಟಲಿಲ್ಲ. "ರಕ್ತ ನಿಲ್ಲಲಿಲ್ಲಂದ್ರ ಹೆಂಗ್ರಿ ಸಾಹೇಬ್ರ?" ಗುಳಿಗೆ ಬರೆಯುವುದು ಒಂದು ವಿದ್ಯೆ, ನುಂಗಿಸುವುದು ಬೇರೆಯೇ ವಿದ್ಯೆ ಎಂದು ನನಗೆ ಗೊತ್ತಾದದ್ದು ಅಲ್ಲಿ. ಡಾಕ್ಟರೂ ನಾನೂ ಹೇಳಿ ಹೇಳಿ ಸೋತ ಮೇಲೆ ಹನುಮಂತಣ್ಣನ ಹೆಂಡತಿ ಹುಲಿಗೆಮ್ಮಕ್ಕ ನೀರಿನ ತಂಬಿಗೆ ತಂದು ಗಂಡನ ಮುಂದೆ ಕುಕ್ಕಿದರು.

"ಬಾಯಾಗಿನ ರಕ್ತ ಒರಸಾಕ ನಾ ಅದೀನಿ. ಹಾರ್ಟು ನಿಂತ್ರ ನನ್ ಕುಂಕುಮ ಒರಸಾಕ ಊರಾಗಿನವ್ರೆಲ್ಲಾ ಬರ್ತಾರ. ನುಂಗ್ರಿ ಮೊದ್ಲ!"