ಬರೀ ತಲೆಬರಹಗಳ ಹದಿನಾಲ್ಕು ದಿನ

ಹಡಗು ದಡದ ಹತ್ತಿರ ಬಂದು ಫೋನಿಗೆ ಸಿಗ್ನಲ್ ಸಿಕ್ಕಿತೆಂದರೆ ನಾವೆಲ್ಲ ಹಿಂಬದಿಯ ಡೆಕ್ಕಿಗೆ ಓಡುತ್ತೇವೆ. ಒಬ್ಬ ಹೆಂಡತಿಯ ಜೊತೆ ಜಗಳ ಶುರು ಮಾಡುತ್ತಾನೆ, ಇನ್ನೊಬ್ಬ ಮಗಳ ಹಲ್ಲು ಬಂತೇ ಎಂದು ಕೇಳುತ್ತಾನೆ. ಎಂಜಿನ್ ರೂಮಿನ ಯಂತ್ರಗಳಿಗೆ ಎಣ್ಣೆ ಬಿಡುವ ಆಯಿಲರ್ ಜೆರ್ವಾಸ್ ಕೊರೇರನೂ ಬರುತ್ತಿದ್ದ. ಕಂಬಿಗೆ ಒರಗಿ, ಕನ್ನಡಕವನ್ನು ಹಣೆಗೇರಿಸಿ, ಗಂಟೆಗಟ್ಟಲೆ ಫೋನ್ ಒತ್ತುತ್ತಿದ್ದ. ಯಾರಿಗೋ ಮೆಸೇಜ್ ಕಳಿಸುತ್ತಾನೆಂದು ನಾನು ಎರಡು ತಿಂಗಳು ನಂಬಿದ್ದೆ.

ನಾನು ಆ ಕಲ್ಲಿದ್ದಲು ಹಡಗಿನ ಅಡುಗೆಯವನು. ಅಡುಗೆಯವನನ್ನು ಹಡಗಿನಲ್ಲಿ ಭಂಡಾರಿ ಅನ್ನುತ್ತಾರೆ. ಜೆರ್ವಾಸಣ್ಣನೂ ನಾನೂ ತೂತ್ತುಕುಡಿ ಕಡೆಯವರೇ. ಅವನು ಪಟ್ಟಣದವನು, ನಾನು ಅಲ್ಲೇ ಕಡಲಂಚಿನ ಹಳ್ಳಿ ಮಣಪ್ಪಾಡಿನವನು. ಆದರೂ ಒಂದು ದಿನವೂ ಅವನು ನನ್ನ ಹತ್ತಿರ ಊರಿನ ಮಾತು ತೆಗೆದಿರಲಿಲ್ಲ. ತಟ್ಟೆಗೆ ಬಡಿಸಿಕೊಂಡು ನೇರವಾಗಿ ತನ್ನ ಕ್ಯಾಬಿನ್‌ಗೆ ಹೋಗಿಬಿಡುತ್ತಿದ್ದ.

ಒಮ್ಮೆ ಡೆಕ್ಕಿನಲ್ಲಿ ಕೇಳಿಯೇಬಿಟ್ಟೆ. "ಯಾರಿಗಣ್ಣ ಇಷ್ಟುದ್ದ ಬರೀತೀರಾ?"

"ಯಾರಿಗೂ ಇಲ್ಲ ಭಂಡಾರಿ. ಓದೋಕೆ ತುಂಬ್ಕೊಳ್ತಿದೀನಿ."

ಸಿಗ್ನಲ್ ಇರುವಾಗ ಪತ್ರಿಕೆಗಳ ಲೇಖನಗಳನ್ನೆಲ್ಲ ಒಂದು ಆ್ಯಪಿನಲ್ಲಿ ಉಳಿಸಿಟ್ಟುಕೊಂಡು, ನಡುಗಡಲಿನಲ್ಲಿ ದಿನಕ್ಕಿಷ್ಟೆಂದು ಓದುವುದು ಅವನ ರೂಢಿ. ಒಂಬತ್ತು ವರ್ಷದಿಂದ ಹಾಗೇ ನಡೆದಿತ್ತು. ಮೂವರು ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ಅವನ ವಯಸ್ಸು ಮೀರಿತ್ತು. ತಂಗಿಯರು ಅವರವರ ಸಂಸಾರದಲ್ಲಿ ಮುಳುಗಿದ್ದರು. ಫೋನ್ ಮಾಡಿದರೆ "ಆಮೇಲೆ ಮಾಡ್ತೀನಣ್ಣ" ಅನ್ನುತ್ತಿದ್ದರಂತೆ. ಆ 'ಆಮೇಲೆ' ಬರುವ ಹೊತ್ತಿಗೆ ಹಡಗು ದೂರ ಬಂದಿರುತ್ತಿತ್ತು.

ಆ ಸಲ ತೂತ್ತುಕುಡಿಯಲ್ಲಿ ಕಲ್ಲಿದ್ದಲು ಇಳಿಸುತ್ತಿದ್ದಾಗ ಅವನು ಮೆಸ್ಸಿಗೆ ಬಂದು ಎಲೆಕ್ಟ್ರಿಷಿಯನ್ ಬಾಹುಲೇಯನ್‌ನ ಮುಂದೆ ಫೋನ್ ಹಿಡಿದ. ಹಳೆಯ ಆ್ಯಪ್ ಮುಚ್ಚುತ್ತದಂತೆ, ಬೇರೆ ನೋಡಿಕೊಳ್ಳಿ ಎಂದು ನೋಟೀಸು ಬಂದಿತ್ತು.

ಬಾಹುಲೇಯನ್ ಎರಡು ಹುಡುಕಿಕೊಟ್ಟ. "ನೋಡಿ ಅಣ್ಣ, ಇದು ಸಪ್ಪೆ. ಅಕ್ಷರ ಬಿಟ್ರೆ ಏನೂ ಇಲ್ಲ, ಮೇಲಾಗಿ ತಿಂಗಳಿಗೆ ದುಡ್ಡು ಕೇಳತ್ತೆ. ಇದು ಪುಕ್ಕಟೆ. ಅಷ್ಟೇ ಅಲ್ಲ, ತಮಿಳಲ್ಲಿ ಓದಿ ಹೇಳತ್ತೆ."

"ಯಾರು ಓದ್ತಾರೆ?"

"ಒಂದು ಹೆಂಗಸಿನ ದನಿ ಅಣ್ಣ."

ಬಾಹುಲೇಯನ್ ಗುಂಡಿ ಒತ್ತಿದ. ಯಾವುದೋ ಜೇನುಸಾಕಣೆಯ ಲೇಖನವನ್ನು ಆ ದನಿ ನಿಧಾನವಾಗಿ ಓದತೊಡಗಿತು. ಜೆರ್ವಾಸಣ್ಣ ತಲೆ ಬಗ್ಗಿಸಿ ಕೊನೆಯವರೆಗೂ ಕೇಳಿದ. "ಇದೇ ಇರಲಿ" ಅಂದ. ಹೊರಡುವ ಮೊದಲು ಇನ್ನೂರಕ್ಕೂ ಹೆಚ್ಚು ಲೇಖನ ಉಳಿಸಿಟ್ಟುಕೊಂಡ.

ದಕ್ಷಿಣ ಆಫ್ರಿಕದ ರಿಚರ್ಡ್ಸ್ ಬೇಗೆ ಹದಿನಾಲ್ಕು ದಿನದ ದಾರಿ. ಮೂರನೆಯ ದಿನ ಮಧ್ಯಾಹ್ನದ ಚಹಾದ ಹೊತ್ತಿಗೆ ಅವನು ಮೆಸ್ಸಿಗೆ ಬಂದ. ಮುಖ ಬಾಡಿತ್ತು.

"ಬಾಹುಲೇಯಾ, ಇದರಲ್ಲಿ ಏನೂ ಇಲ್ಲಪ್ಪ."

ನೋಡಿದರೆ ಬರೀ ತಲೆಬರಹಗಳು. ಯಾವುದನ್ನು ಒತ್ತಿದರೂ ಬಿಳಿ ಪರದೆ, ನೆಟ್ ಇಲ್ಲ ಅನ್ನುವ ಒಂದು ಸಾಲು. ಆ ಹೆಂಗಸೂ ಬಾಯಿ ಬಿಡಲಿಲ್ಲ. ಆ ಆ್ಯಪ್ ಲೇಖನದ ವಿಳಾಸವನ್ನಷ್ಟೇ ಇಟ್ಟುಕೊಳ್ಳುತ್ತಿತ್ತು, ಲೇಖನವನ್ನಲ್ಲ. ನಮ್ಮ ಹಳೇ ಹಡಗಿನ ಉಪಗ್ರಹದ ನೆಟ್ ನಾಲ್ಕು ಸಾಲಿನ ಮೆಸೇಜಿಗೇ ಏದುಸಿರು ಬಿಡುವಂಥದ್ದು.

"ಅಯ್ಯೋ, ತಪ್ಪಾಯ್ತಣ್ಣ. ಇದನ್ನ ನಾನು ನೋಡ್ಲೇ ಇಲ್ಲ" ಎಂದು ಬಾಹುಲೇಯನ್ ಕೈ ಹಿಸುಕಿಕೊಂಡ.

ಡೆಕ್ಕಿನ ಸಾರಂಗ ಮುಕಾದಮ್ ರತ್ನಾಗಿರಿಯ ಮುದುಕ, ಖಲಾಸಿಗಳ ಮೇಲಿನ ಯಜಮಾನ. ಚಹಾ ಸುರಿದುಕೊಳ್ಳುತ್ತ ಅಂದ: "ತಲೆ ಇದೆ, ಮೈಯಿಲ್ಲ. ಅದೇನು ತಲೆಯೋ ಓದು ಕೊರೇರ, ಕೇಳೋಣ."

ಜೆರ್ವಾಸಣ್ಣ ಓದಿದ. "ಮೂವತ್ತು ವರ್ಷ ಒಂದೇ ಬಾವಿ ತೋಡಿದ ಮನುಷ್ಯ."

"ನೀರು ಬಂದಿರತ್ತೆ. ಉಪ್ಪುನೀರು" ಅಂದ ಸಾರಂಗ.

"ಬಾವಿಗೀವಿ ಎಲ್ಲ ಸುಳ್ಳು. ಹೆಂಡ್ತಿ ಕಾಟ ತಡೀಲಾರದೆ ಒಳಗೆ ಇಳಿದು ಕೂತಿದ್ದ, ಅಷ್ಟೇ" ಅಂದ ಬಾಹುಲೇಯನ್.

"ಹಂಗಾದ್ರೆ ನೀನು ಹಡಗು ಹತ್ತಿರೋದೂ ಅದಕ್ಕೇನಾ?" ಎಂದು ನಾನು ಕೇಳಿದೆ. ಎಲ್ಲರೂ ನಕ್ಕರು. ಜೆರ್ವಾಸಣ್ಣನ ತುಟಿಯೂ ಒಂದಿಷ್ಟು ಸಡಿಲಿತು.

ಮರುದಿನ ಸಾರಂಗನೇ ಕರೆದ. "ಏ ಕೊರೇರ, ಇವತ್ತಿನ ತಲೆ ಯಾವುದೋ?" ಹಾಗೆ ಶುರುವಾಯಿತು. ದಿನಾ ಮೂರು ಗಂಟೆಗೆ ಅವನು ಒಂದು ತಲೆಬರಹ ಓದುವುದು, ನಾವು ಮೈ ಹಚ್ಚುವುದು. ಕಾಗೆಗಳು ಮುಖ ಮರೆಯುವುದಿಲ್ಲ ಎಂಬ ತಲೆಬರಹಕ್ಕೆ ನನ್ನ ಅಮ್ಮನನ್ನು ಆರು ತಿಂಗಳು ಅಟ್ಟಿಸಿಕೊಂಡು ಬಂದ ಕಾಗೆಯ ಕತೆ ಹೇಳಿದೆ. ನಗರದೊಳಗೆ ಕಳೆದುಹೋದ ನದಿ ಎಂದದ್ದಕ್ಕೆ ಸಾರಂಗ ಕಣ್ಣೊರೆಸಿಕೊಂಡು ಎದ್ದುಹೋದ. ಯಾಕೆಂದು ನಾವು ಕೇಳಲಿಲ್ಲ. ಜೆರ್ವಾಸಣ್ಣ ಬೆಂಚಿನ ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದ. ಊಟದ ತಟ್ಟೆಯೂ ಕ್ರಮೇಣ ಕ್ಯಾಬಿನ್ನಿನಿಂದ ಮೆಸ್ಸಿಗೆ ಬಂತು.

ಹನ್ನೊಂದನೆಯ ದಿನದ ತಲೆಬರಹ ಹೀಗಿತ್ತು: "ಒಬ್ಬರೇ ಉಣ್ಣುವವರು ಹೆಚ್ಚುತ್ತಿದ್ದಾರೆ." ಯಾರೂ ತಮಾಷೆ ಮಾಡಲಿಲ್ಲ. ಬಾಹುಲೇಯನ್ ಲೋಟದ ತಳ ನೋಡುತ್ತಿದ್ದ.

"ನಾನು ಹೇಳ್ತೀನಿ ಇದನ್ನ" ಅಂದ ಜೆರ್ವಾಸಣ್ಣ. "ಒಬ್ಬ ಇರ್ತಾನೆ. ಊರಿಗೆ ಹೋದಾಗ ಬಾಡಿಗೆ ಕೋಣೇಲಿ ಇರ್ತಾನೆ. ಬೆಳಿಗ್ಗೆ ಅನ್ನ ಮಾಡ್ತಾನೆ. ಒಬ್ಬನಿಗೆ ಎಷ್ಟು ಅಕ್ಕಿ ಹಾಕ್ಬೇಕು ಅಂತ ಇವತ್ತಿಗೂ ಗೊತ್ತಾಗಲ್ಲ ಅವನಿಗೆ. ಐದು ಜನರ ಮನೇಲಿ ಅಡುಗೆ ಕಲ್ತವನು. ಉಳಿದಿದ್ದನ್ನ ರಾತ್ರಿ ತಿಂತಾನೆ. ಆ ಹೊತ್ತಿಗೆ ಪಕ್ಕದ ಮನೇಲಿ ತಟ್ಟೆ ಸದ್ದು ಕೇಳತ್ತೆ. ಎಷ್ಟು ತಟ್ಟೆ ಅಂತ ಎಣಿಸ್ತಾನೆ." ಫೋನನ್ನು ಜೇಬಿಗಿಟ್ಟ. "ಇಷ್ಟೇ ಇರತ್ತೆ ಲೇಖನ. ಇದಕ್ಕಿಂತ ಏನು ಬರೀತಾರೆ."

ಸಾರಂಗ ಅವನ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದ. ನಾನು ಆ ಸಪ್ಪೆ ಆ್ಯಪಿಗೆ ಬೈದೆ, ಪುಕ್ಕಟೆ ಆ್ಯಪಿಗೂ ಬೈದೆ.

ರಿಚರ್ಡ್ಸ್ ಬೇಯಲ್ಲಿ ಸಿಗ್ನಲ್ ಸಿಕ್ಕಿದಾಗ ನಾವೆಲ್ಲ ಮನೆಗೆ ಫೋನ್ ಹಚ್ಚಿದೆವು. ಜೆರ್ವಾಸಣ್ಣ ಆ ಸಪ್ಪೆ ಆ್ಯಪನ್ನು ಹಾಕಿಸಿಕೊಂಡ. ಈ ಸಲ ಫೋನನ್ನು ನೆಟ್ಟಿನಿಂದ ಬಿಡಿಸಿ, ಪ್ರತಿಯೊಂದನ್ನೂ ತೆರೆದು ಪರೀಕ್ಷಿಸಿದ. ಎಲ್ಲವೂ ಇದ್ದವು.

"ಬಾವಿಯವನದು ಏನಾಯ್ತಣ್ಣ?" ಎಂದು ಕೇಳಿದೆ.

"ಹದಿನಾರನೇ ವರ್ಷಕ್ಕೇ ನೀರು ಬಂತಂತೆ. ಆಮೇಲೂ ತೋಡಿದನಂತೆ."

"ಯಾಕೆ?"

"ಅದನ್ನ ಬರೆದಿಲ್ಲ."

ಮರಳಿ ಬರುವಾಗ ಮೊದಲ ದಿನ ಸಾರಂಗ ಎಂದಿನಂತೆ ಕರೆದ. ಜೆರ್ವಾಸಣ್ಣ ಬಂದು ಒಂದು ತಲೆಬರಹ ಓದಿದ. ಬಾಹುಲೇಯನ್ ಏನೋ ಕತೆ ಕಟ್ಟಿದ. "ಹಾಗಲ್ಲ, ಇದರಲ್ಲಿರೋದು ಬೇರೆ" ಎಂದು ಜೆರ್ವಾಸಣ್ಣ ತಿದ್ದಿದ. ಸಾರಂಗ ಇನ್ನೊಂದು ಹೇಳಿದ. ಅದೂ ಅಲ್ಲವಂತೆ. ಅವನಿಗೆ ನಿಜ ಗೊತ್ತಿದ್ದ ಮೇಲೆ ಸುಳ್ಳು ಹೇಳಲು ನಮಗೆ ಸಂಕೋಚ. ಸುಮ್ಮನಿರಲು ಅವನಿಗೂ ಬರಲಿಲ್ಲ, ಓದಿದ್ದನ್ನು ಹೇಳದೆ ಹೇಗಿರುತ್ತಾನೆ? ಮೂರನೆಯ ದಿನ ಸಾರಂಗ ಇಸ್ಪೀಟಿನ ಕಟ್ಟು ತಂದ. ಜೆರ್ವಾಸಣ್ಣನಿಗೆ ಇಸ್ಪೀಟು ಬಾರದು. ಒಂದು ವಾರದೊಳಗೆ ಅವನ ತಟ್ಟೆ ಮತ್ತೆ ಕ್ಯಾಬಿನ್ ಸೇರಿತು. ನಾನು ಎರಡು ಸಲ ಬಾಗಿಲು ತಟ್ಟಿದೆ. "ಒಂದು ಒಳ್ಳೇದು ಓದ್ತಿದೀನಿ, ಆಮೇಲೆ ಬರ್ತೀನಿ" ಅಂದ. ಒಲೆಯ ಮೇಲೆ ಸಾರಿತ್ತು, ನಾನೂ ನಿಲ್ಲಲಿಲ್ಲ.

ತೂತ್ತುಕುಡಿಯಲ್ಲಿ ನಮ್ಮಿಬ್ಬರ ಕರಾರು ಮುಗಿಯಿತು. ಬಂದರಿನ ಗೇಟಿನಲ್ಲಿ ನನ್ನ ಹೆಂಡತಿ, ಮಗಳು ಕಾಯುತ್ತಿದ್ದರು. ಜೆರ್ವಾಸಣ್ಣ ಎದುರಿನ ಅಂಗಡಿಗೆ ಹೋಗಿ ಒಂದು ತೆಂಗಿನ ಪೊರಕೆ ಕೊಂಡ. ಎಂಟು ತಿಂಗಳು ಮುಚ್ಚಿದ್ದ ಕೋಣೆ, ಮೊದಲು ಗುಡಿಸಬೇಕಲ್ಲ.

"ಮುಂದಿನ ಭಾನುವಾರ ನಮ್ಮನೇಗೆ ಊಟಕ್ಕೆ ಬನ್ನಿ ಅಣ್ಣ" ಅಂದೆ.

"ನೋಡೋಣಪ್ಪ" ಎಂದು ಆಟೋ ಹತ್ತಿದ. ಪೊರಕೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ.

ಶನಿವಾರ ಅವನದೇ ಫೋನ್ ಬಂತು. ಮುಂಬೈ ಏಜೆಂಟ್ ಕರೆದಿದ್ದಾನಂತೆ, ಬೇರೆ ಹಡಗು. ಮೂರು ತಿಂಗಳು ರಜೆಯಲ್ಲಿರಬಹುದಾಗಿದ್ದವನು ಒಂಬತ್ತೇ ದಿನಕ್ಕೆ ಹೊರಟಿದ್ದ.

"ಇಷ್ಟು ಬೇಗ ಯಾಕಣ್ಣ? ಕೋಣೆ?"

"ಗುಡಿಸಿದ್ದೆ" ಅಂದ. "ಮತ್ತೆ ಬೀಗ ಹಾಕಿದೆ."